ಉಪ್ಪಿನೂರಿನ ಚೌಕಿ

ಆ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಆರ್ಚ್‌ಬಿಷಪ್ಪನ ಹೃದಯವಿದೆ. ದೇಹವನ್ನು ಊರ ನಡುವಿನ ಕೆಥೆಡ್ರಲ್‌ನಲ್ಲಿ ಹೂಳಿದರು. ಹೃದಯವನ್ನಷ್ಟೇ ಇಲ್ಲಿಗೆ, ಕೆರೆಯ ದಂಡೆಯ ಈ ಮನೆಗೆ ತಂದರು. ಲಿಯೋಪೋಲ್ಡ್ ಆಂಟನ್ ಫಿರ್ಮಿಯಾನ್ ಎಂಬುದು ಅವನ ಹೆಸರು. ಈಗ ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗಿಗೆ ಆಗ ಆರ್ಚ್‌ಬಿಷಪ್ಪನೇ ದೊರೆ. 1731ರಲ್ಲಿ ಈತ ಒಂದು ಆಜ್ಞೆ ಹೊರಡಿಸಿ ತನ್ನ ಸೀಮೆಯ ಸುಮಾರು 20,000 ಪ್ರಾಟೆಸ್ಟಂಟರನ್ನು ಊರು ಬಿಡಿಸಿದ. ಹೊಲಮನೆ ಇಲ್ಲದವರಿಗೆ ಕೊಟ್ಟ ಗಡುವು ಎಂಟೇ ದಿನ. ಹೊರಟವರಲ್ಲಿ ಹೆಚ್ಚಿನವರು ಪ್ರಶ್ಯ ಸೇರಿದರು. ಕೆಲವರು ಕಡಲು ದಾಟಿ ಅಮೆರಿಕದ ಜಾರ್ಜಿಯ ಮುಟ್ಟಿದರು. ಇದಾಗಿ ಐದು ವರ್ಷಕ್ಕೆ, 1736ರಲ್ಲಿ, ಅವನು ತನ್ನ ಮನೆತನಕ್ಕೆಂದು ಈ ಅರಮನೆ ಕಟ್ಟಿಸಲು ಹಿಡಿದ. ಹೆಸರೂ ತನ್ನದೇ: ಲಿಯೋಪೋಲ್ಡ್ಸ್‌ಕ್ರೋನ್.

ಊರು ಬಿಡಿಸಿದವನು ಕಟ್ಟಿದ ಮನೆ ಕಳೆದ ಮುಕ್ಕಾಲು ಶತಮಾನದಿಂದ ಪರವೂರಿನವರನ್ನು ಕರೆದು ಕೂರಿಸುವ ಮನೆಯಾಗಿದೆ. ಹಾಗೆ ಬಂದು ಕೂತವರಲ್ಲಿ ಇತ್ತೀಚಿನ ಒಂದು ಗುಂಪು ನನ್ನ ಕುತೂಹಲ ಕೆರಳಿಸಿದ್ದು. ಸಣ್ಣ ನಾಟಕ ತಂಡ ನಡೆಸುವವರು, ಪಾಳುಬಿದ್ದ ಕಾರ್ಖಾನೆಯಲ್ಲಿ ಚಿತ್ರಶಾಲೆ ತೆರೆದವರು, ಬೀದಿಯ ಗೋಡೆಗಳಿಗೆ ಬಣ್ಣ ಹಚ್ಚಿಸುವವರು, ಊರ ಉತ್ಸವದ ಹಿಂದೆ ನಿಂತು ಕುರ್ಚಿ ಎಣಿಸುವವರು. ಇವರಿಗೆ ಕೊಡುವ ತರಬೇತಿಗೆ ‘ಆರ್ಟ್ಸ್ ಲೀಡರ್‌ಶಿಪ್’ ಎಂದು ಹೆಸರಿದೆ. ಅದನ್ನು ಕನ್ನಡದಲ್ಲಿ ‘ಕಲಾ ನಾಯಕತ್ವ’ ಎಂದ ಕೂಡಲೇ ಯಾಕೋ ಚುನಾವಣೆಯ ವಾಸನೆ ಹೊಡೆಯುತ್ತದೆ. ಹಾರ, ಶಾಲು, ಮೈಕು ಕಣ್ಣಿಗೆ ಬರುತ್ತವೆ. ಈ ಜನ ಮಾಡುವ ಕೆಲಸಕ್ಕೂ ಹಾರ ಶಾಲುಗಳಿಗೂ ಸಂಬಂಧವಿಲ್ಲ. ಹಾರ ತರಲು ಯಾರನ್ನು ಕಳಿಸಬೇಕು, ತಂದ ಬಿಲ್ಲನ್ನು ಯಾವ ಲೆಕ್ಕಕ್ಕೆ ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳುವವರು ಇವರು.

ನನಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣ ದೊಡ್ಡದೇನಲ್ಲ. ನಮ್ಮ ಊರಿನ ಹವ್ಯಾಸಿ ನಾಟಕ ತಂಡದ ಲೆಕ್ಕವನ್ನು ಹನ್ನೊಂದು ವರ್ಷ ಬರೆದವನು ನಾನು. ಅಭಿನಯ ಬರುತ್ತಿರಲಿಲ್ಲ, ಹಾಡು ಅದಕ್ಕಿಂತ ಬರುತ್ತಿರಲಿಲ್ಲ. ಉಳಿದದ್ದು ಪುಸ್ತಕ ಮತ್ತು ರಬ್ಬರ್ ಸ್ಟ್ಯಾಂಪು. ಒಂದು ಕಚೇರಿಯಿಂದ ಅನುದಾನದ ಎರಡನೇ ಕಂತು ಬರಲು ಹದಿನಾಲ್ಕು ತಿಂಗಳು ಓಡಾಡಿದ್ದೇನೆ. ಆ ಹದಿನಾಲ್ಕು ತಿಂಗಳಲ್ಲಿ ನನಗೆ ಬೇಕಾಗಿದ್ದದ್ದು ತರಬೇತಿಯಲ್ಲ, ಇದೇ ಗೋಳು ಅನುಭವಿಸಿದ ಇನ್ನೊಬ್ಬ. ‘ನಿಮ್ಮದೂ ಬಂದಿಲ್ವಾ?’ ಎಂದು ಕೇಳುವ ಒಂದು ದನಿ. ಪರದೇಶದ ಇಂಥ ಕೂಟಗಳ ಬಗ್ಗೆ ಓದುವಾಗ, ಹಳೆಯ ಶಿಬಿರಾರ್ಥಿಗಳು ವರ್ಷ ಬಿಟ್ಟು ಮತ್ತೆ ಸೇರಿದರು ಎಂಬಲ್ಲೇ ನನ್ನ ಕಣ್ಣು ನಿಲ್ಲುವುದು ಅದಕ್ಕೆ. ಮೊದಲ ಸಲ ಬರುವಾಗ ಎಲ್ಲರ ಕೈಯಲ್ಲೂ ಕನಸಿನ ಕಾಗದವಿರುತ್ತದೆ. ಎರಡನೇ ಸಲ ಬರುವಾಗ ಲೆಕ್ಕದ ಪುಸ್ತಕವಿರುತ್ತದೆ. ಮಾತು ನಿಜವಾಗಿ ಶುರುವಾಗುವುದು ಆಗ.

ಸಾಲ್ಜ್‌ಬರ್ಗ್ ಎಂದರೆ ಉಪ್ಪಿನ ಕೋಟೆ. ಹತ್ತಿರದ ಹಾಲೈನ್ ಗಣಿಯ ಉಪ್ಪು ಸಾಲ್ಜಾಕ್ ಹೊಳೆಯ ದೋಣಿಗಳಲ್ಲಿ ಸಾಗಿ ಬಿಷಪ್ಪರ ಬೊಕ್ಕಸ ತುಂಬಿಸಿತು. ಇಗರ್ಜಿಗಳ ಗುಮ್ಮಟ, ಬೆಟ್ಟದ ಮೇಲಿನ ಕೋಟೆ, ಕೊನೆಗೆ ಈ ಅರಮನೆಯ ಬಿಳಿ ಗೋಡೆ, ಎಲ್ಲವೂ ಉಪ್ಪಿನದೇ ರೂಪಾಂತರ. ಮನೆಯ ಉಪ್ಪು ತಿಂದರೆ ಋಣ ಎನ್ನುವವರು ನಾವು. ಕಲಿತ ಜಾಗಕ್ಕೂ ಕಲಿತವನಿಗೂ ನಡುವೆ ಉಳಿಯುವ ನಂಟಿಗೆ ‘ಹಳೆ ವಿದ್ಯಾರ್ಥಿ ಸಂಘ’ ಎಂಬ ಒಣ ಪದಕ್ಕಿಂತ ಉಪ್ಪಿನ ಋಣ ಎನ್ನುವುದೇ ಸರಿ.

ಈ ಮನೆಯ ಕತೆಯಲ್ಲಿ ನಾಟಕ ಬರುವುದು 1918ರಲ್ಲಿ. ಮಾಕ್ಸ್ ರೈನ್‌ಹಾರ್ಟ್ ಎಂಬ ನಿರ್ದೇಶಕ ಇದನ್ನು ಕೊಂಡ. ಇಪ್ಪತ್ತರ ಹುಡುಗನಾಗಿದ್ದಾಗ ಇದೇ ಊರಿನ ರಂಗಮಂದಿರದಲ್ಲಿ ನಟನಾಗಿ ದುಡಿದವನು, ಬರ್ಲಿನ್ನಿನಲ್ಲಿ ಹೆಸರು ಹಣ ಎರಡನ್ನೂ ಮಾಡಿ ಹಿಂದಿರುಗಿದ್ದ. ಅರಮನೆ ಹಾಳು ಸುರಿಯುತ್ತಿತ್ತು. ಅದನ್ನು ರಿಪೇರಿ ಮಾಡಿಸುತ್ತ ಸುಮಾರು ಇಪ್ಪತ್ತು ವರ್ಷ ಕಳೆದ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲನ್ ಮಠದ ಗ್ರಂಥಾಲಯ ಕಂಡು ಮೆಚ್ಚಿ, ಅದೇ ಮಾದರಿಯಲ್ಲಿ ಇಲ್ಲಿ ಮರದ ಕೆತ್ತನೆಯ ಗ್ರಂಥಾಲಯ ಮಾಡಿಸಿದ. ತೋಟದಲ್ಲಿ ಬಯಲು ರಂಗ ಕಟ್ಟಿಸಿದ. 1923ರಲ್ಲಿ ಮೋಲಿಯೇರನ ‘ಕಾಲ್ಪನಿಕ ರೋಗಿ’ಯನ್ನು ಮನೆಯೊಳಗೇ ಆಡಿಸಿದ. ಅತಿಥಿಗಳು ಊಟಕ್ಕೆ ಬಂದಿದ್ದಾರೋ ನಾಟಕಕ್ಕೋ ಎಂಬ ಗೆರೆ ಆ ಮನೆಯಲ್ಲಿ ಅಳಿಸಿಹೋಗಿತ್ತಂತೆ.

ಅಷ್ಟರಲ್ಲಾಗಲೇ ಅವನು ಊರಿಗೇ ಒಂದು ಉತ್ಸವ ಕಟ್ಟಿಕೊಟ್ಟಿದ್ದ. ಮೊದಲ ಮಹಾಯುದ್ಧ ಸೋತು, ಸಾಮ್ರಾಜ್ಯ ಒಡೆದು, ಬ್ರೆಡ್ಡಿಗೆ ಸಾಲು ನಿಲ್ಲುವ ದಿನಗಳವು. ಕವಿ ಹ್ಯೂಗೋ ಫಾನ್ ಹೋಫ್‌ಮನ್‌ಸ್ಥಾಲ್, ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಜೊತೆ ಸೇರಿ 1920ರ ಆಗಸ್ಟ್ 22ರಂದು ಕೆಥೆಡ್ರಲ್ಲಿನ ಮುಂದಿನ ಚೌಕದಲ್ಲಿ ‘ಯೇಡರ್‌ಮನ್’ ಆಡಿಸಿದ. ಸಾವು ಬಂದು ಕರೆದಾಗ ಸಿರಿವಂತನೊಬ್ಬನನ್ನು ಗೆಳೆಯರು, ನೆಂಟರು, ದುಡ್ಡು ಒಬ್ಬೊಬ್ಬರಾಗಿ ಬಿಟ್ಟು ಹೋಗುವ ಕತೆ. ನಾಯಕನ ಹೆಸರನ್ನು ಇಗರ್ಜಿಯ ಗೋಪುರಗಳಿಂದ ಕೂಗಿ ಕರೆಯುತ್ತಾರೆ; ಊರಿಗೆ ಊರೇ ರಂಗವಾಗುತ್ತದೆ. ನಡುವೆ ಕೆಲವು ವರ್ಷ ತಪ್ಪಿದ್ದು ಬಿಟ್ಟರೆ ಇವತ್ತಿಗೂ ಬೇಸಿಗೆ ಬಂತೆಂದರೆ ಆ ಮೆಟ್ಟಿಲ ಮೇಲೆ ಅದೇ ನಾಟಕ. ಉತ್ಸವ ಎನ್ನುವುದು ಊಟ ಸಿಕ್ಕ ಮೇಲೆ ಮಾಡುವ ಸಂಭ್ರಮ ಎಂದುಕೊಂಡವರಿಗೆ ಇದು ಒಗಟು. ನಮ್ಮಲ್ಲೂ ಬರಗಾಲದ ವರ್ಷವೇ ಜಾತ್ರೆ ಬಿಡಬಾರದೆಂದು ಹಟ ಹಿಡಿಯುವ ಊರುಗಳಿವೆಯಲ್ಲ.

ರೈನ್‌ಹಾರ್ಟ್ ಯೆಹೂದಿ. 1937ರಲ್ಲಿ ಅಮೆರಿಕಕ್ಕೆ ಹೋದವನು ಮತ್ತೆ ಈ ಕೆರೆಯ ನೀರು ನೋಡಲಿಲ್ಲ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾ ನುಂಗಿದಾಗ ‘ಯೆಹೂದಿ ಆಸ್ತಿ’ ಎಂದು ಮನೆಯನ್ನು ಕಿತ್ತುಕೊಂಡರು. ನಾಜಿ ನಾಯಕ ಗೋರಿಂಗನ ಕೃಪೆಯಿಂದ ಒಬ್ಬ ರಾಜಕುಮಾರಿಯ ಉಸ್ತುವಾರಿಯಲ್ಲಿ ಅದು ನಾಜಿಗಳ ಅತಿಥಿಗೃಹವಾಯಿತು. 1943ರ ಅಕ್ಟೋಬರ್ ಕೊನೆಯಲ್ಲಿ ರೈನ್‌ಹಾರ್ಟ್ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಫಿರ್ಮಿಯಾನ್ ತನ್ನ ಉಚ್ಚಾಟನೆಯ ಆಜ್ಞೆ ಬರೆದದ್ದೂ ಅಕ್ಟೋಬರ್ ಕೊನೆಯಲ್ಲೇ, 31ರಂದು, 212 ವರ್ಷ ಹಿಂದೆ. ಕಾಕತಾಳೀಯ. ಆದರೂ ಮನೆಗಳಿಗೆ ಜಾತಕವಿದ್ದಿದ್ದರೆ ಜೋಯಿಸರು ಇದನ್ನು ಗುರುತು ಹಾಕಿಕೊಳ್ಳುತ್ತಿದ್ದರು.

ಯುದ್ಧ ಮುಗಿದಾಗ ಹಾರ್ವರ್ಡಿನಲ್ಲಿ ಕ್ಲೆಮೆನ್ಸ್ ಹೆಲ್ಲರ್ ಎಂಬ ತರುಣ ಓದುತ್ತಿದ್ದ. ಅವನೂ ವಿಯೆನ್ನಾದಿಂದ ಓಡಿಬಂದವನೇ. ತಂದೆ ಹ್ಯೂಗೋ ಹೆಲ್ಲರ್, ಫ್ರಾಯ್ಡನ ಪುಸ್ತಕಗಳನ್ನು ಅಚ್ಚು ಹಾಕಿಸಿದ ಪುಸ್ತಕದಂಗಡಿಯ ಯಜಮಾನ. ರಿಚರ್ಡ್ ಕ್ಯಾಂಬೆಲ್ ಎಂಬ ವಿದ್ಯಾರ್ಥಿ, ಸ್ಕಾಟ್ ಎಲೆಡ್ಜ್ ಎಂಬ ಮೇಷ್ಟ್ರು ಜೊತೆಗೂಡಿದರು. ಯುರೋಪಿಗೆ ಗೋಧಿ ಕಳಿಸುತ್ತಿದ್ದಾರೆ, ಕಲ್ಲಿದ್ದಲು ಕಳಿಸುತ್ತಿದ್ದಾರೆ. ಒಬ್ಬರನ್ನೊಬ್ಬರು ಕೊಂದುಕೊಂಡ ಹುಡುಗರು ಮತ್ತೆ ಮಾತಾಡಲು ಜಾಗವೆಲ್ಲಿ ಎಂಬುದು ಇವರ ಯೋಚನೆ. ರೈನ್‌ಹಾರ್ಟನ ಹೆಂಡತಿ, ನಟಿ ಹೆಲೀನ್ ಥಿಮಿಗ್, ತನ್ನ ಗಂಡನ ಮನೆಯನ್ನು ಬೇಸಿಗೆಗೆ ಬಿಟ್ಟುಕೊಟ್ಟಳು. ನಾನು ಈ ಕತೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಈ ಹೆಂಗಸಿನ ಬಳಿ. ಆ ಮನೆ ಕೈಗೆ ವಾಪಸು ಬಂದಾಗ ಮಾರಿ ಕೈತೊಳೆದುಕೊಳ್ಳಬಹುದಿತ್ತು, ಬಾಗಿಲು ಹಾಕಿ ದುಃಖಿಸಬಹುದಿತ್ತು. ಅವಳು ಬೀಗದ ಕೈಯನ್ನು ಕಾಲೇಜು ಹುಡುಗರಿಗೆ ಕೊಟ್ಟಳು. ಸಂಸ್ಥೆಗಳ ಚರಿತ್ರೆ ಬರೆಯುವವರು ಸ್ಥಾಪಕರ ಹೆಸರನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಬೀಗದ ಕೈ ಕೊಟ್ಟವರನ್ನು ಕೃತಜ್ಞತೆಯ ಪುಟಕ್ಕೆ ಕಳಿಸುತ್ತಾರೆ.

1947ರ ಬೇಸಿಗೆಯಲ್ಲಿ 18 ದೇಶಗಳ ನೂರರ ಹತ್ತಿರ ಜನ ಅಲ್ಲಿ ಆರು ವಾರ ಕೂಡಿ ಉಂಡರು, ಕೂಡಿ ಓದಿದರು. ಎರಡು ವರ್ಷದ ಹಿಂದೆ ಬೇರೆ ಬೇರೆ ಸಮವಸ್ತ್ರ ತೊಟ್ಟಿದ್ದವರು ಒಂದೇ ಕೋಣೆಯಲ್ಲಿ ಹಾಸಿಗೆ ಹಾಸಿದರು. ಪಾಠ ಮಾಡಲು ಬಂದವರ ಪಟ್ಟಿ ದೊಡ್ಡದು: ಸಾಹಿತ್ಯಕ್ಕೆ ಎಫ್. ಓ. ಮ್ಯಾಥಿಸನ್ ಮತ್ತು ಆಲ್ಫ್ರೆಡ್ ಕೇಜಿನ್, ಅರ್ಥಶಾಸ್ತ್ರಕ್ಕೆ ಮುಂದೆ ನೊಬೆಲ್ ಪಡೆದ ವಾಸಿಲಿ ಲಿಯೊಂಟಿಫ್, ಮಾನವಶಾಸ್ತ್ರಕ್ಕೆ ಮಾರ್ಗರೆಟ್ ಮೀಡ್. ಮ್ಯಾಥಿಸನ್ ಆ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಊರು ಅಮೆರಿಕನ್ ಸೇನೆಯ ಹಿಡಿತದಲ್ಲಿತ್ತು, ಅಂಗಡಿಯಲ್ಲಿ ಸಾಮಾನಿರಲಿಲ್ಲ, ಅಡುಗೆಗೆ ಹೊರಗಿಂದ ದಿನಸಿ ತರಿಸಬೇಕಿತ್ತು.

ಎಲ್ಲವೂ ಹಾಲುಜೇನು ಎಂದುಕೊಳ್ಳಬೇಡಿ. ಪಾಠದ ವಿಷಯವೆಲ್ಲ ಅಮೆರಿಕವೇ: ಅಮೆರಿಕನ್ ಕಾದಂಬರಿ, ಅಮೆರಿಕನ್ ಹಣಕಾಸು, ಅಮೆರಿಕನ್ ಸಮಾಜ. ಅದೇ ವರ್ಷ ಜೂನಿನಲ್ಲಿ ಅದೇ ಹಾರ್ವರ್ಡಿನ ಅಂಗಳದಲ್ಲಿ ಜಾರ್ಜ್ ಮಾರ್ಷಲ್ ಯುರೋಪಿಗೆ ನೆರವು ಕೊಡುವ ತನ್ನ ಯೋಜನೆಯ ಮಾತಾಡಿದ್ದ. ಉದಾರತೆ ಮತ್ತು ಸ್ವಾರ್ಥ ಒಂದೇ ಹಡಗಿನಲ್ಲಿ ಬಂದವು. ಇನ್ನೊಂದು ತಮಾಷೆ ಕೇಳಿ: ಶಿಬಿರದಲ್ಲಿ ಎಡಪಂಥೀಯರು ಹೆಚ್ಚಾದರೆಂದು ಅಮೆರಿಕದ ಸೇನಾಧಿಕಾರಿಗಳಿಗೇ ಗುಮಾನಿ ಬಂತು. ಹೆಲ್ಲರನಿಗೆ ಮರುವರ್ಷ ಆಸ್ಟ್ರಿಯಾಕ್ಕೆ ಹೋಗಲು ಅನುಮತಿ ಸಿಗಲಿಲ್ಲ. ತಾನೇ ಹಚ್ಚಿದ ದೀಪದ ಕೋಣೆಗೆ ತಾನೇ ಹೊರಗಿನವನು. ಅವನು ಮುಂದೆ ಪ್ಯಾರಿಸಿಗೆ ಹೋಗಿ ಇತಿಹಾಸಕಾರ ಬ್ರೋಡೆಲ್ ಜೊತೆ ಇನ್ನೊಂದು ದೊಡ್ಡ ಸಂಶೋಧನಾ ಸಂಸ್ಥೆ ಕಟ್ಟಿದ. ಕಟ್ಟುವ ಚಟದವರೇ ಹಾಗೆ, ಒಂದು ಊರಲ್ಲಿ ಬಾಗಿಲು ಹಾಕಿದರೆ ಇನ್ನೊಂದು ಊರಲ್ಲಿ ಇಟ್ಟಿಗೆ ಕೇಳುತ್ತಾರೆ.

ಸಾಲ್ಜ್‌ಬರ್ಗ್ ಗ್ಲೋಬಲ್ ಸೆಮಿನಾರ್ ಎಂಬ ಹೆಸರಿನಲ್ಲಿ ಬೆಳೆದ ಆ ಬೇಸಿಗೆ ಶಿಬಿರ ಕಾನೂನು, ಆರೋಗ್ಯ, ಶಿಕ್ಷಣ ಎಂದು ನೂರು ದಿಕ್ಕಿಗೆ ಹರಡಿತು. ಒಮ್ಮೆ ಬಂದವರು ಅಲ್ಲಿ ವಿದ್ಯಾರ್ಥಿಗಳಲ್ಲ, ಹಳೆ ವಿದ್ಯಾರ್ಥಿಗಳೂ ಅಲ್ಲ, ‘ಫೆಲೊ’ಗಳು. ಬಿಟ್ಟು ಹೋದ ಮೇಲೂ ಫೆಲೊ. 2014ರಲ್ಲಿ ಯುವ ಸಾಂಸ್ಕೃತಿಕ ಕಾರ್ಯಕರ್ತರಿಗೆಂದೇ ಹತ್ತು ವರ್ಷದ ಒಂದು ಯೋಜನೆ ತೊಡಗಿತು. ಅದರ ಜಾಣತನ ಇರುವುದು ಆಯ್ಕೆಯಲ್ಲಿ. ಜಗತ್ತಿನ ಮೂಲೆಮೂಲೆಯಿಂದ ಒಬ್ಬೊಬ್ಬ ಪ್ರತಿಭಾವಂತನನ್ನು ಹೆಕ್ಕಿ ತರುವ ಬದಲು, ಒಂದೊಂದು ಊರಿನಿಂದ ನಾಲ್ಕೈದು ಜನರನ್ನು ಒಟ್ಟಿಗೆ ಕರೆಸಿದರು. ಡೆಟ್ರಾಯಿಟ್, ಮೆಂಫಿಸ್, ನ್ಯೂ ಆರ್ಲಿಯನ್ಸ್, ಕೇಪ್‌ಟೌನ್, ಅಥೆನ್ಸ್, ಸಿಯೋಲ್, ಮನಿಲಾ, ಬ್ಯೂನಸ್ ಐರಿಸ್, ರಾಟರ್‌ಡ್ಯಾಮ್ ಹೀಗೆ. ಮರುವರ್ಷ ಅದೇ ಊರಿನಿಂದ ಮತ್ತೆ ನಾಲ್ಕೈದು. ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಊರಲ್ಲೇ ಒಂದು ಪುಟ್ಟ ಬಳಗ. ಆಮೇಲೆ ಅವರವರ ಊರಲ್ಲೇ, ಅಕ್ಕಪಕ್ಕದ ಊರಿನವರನ್ನು ಕೂಡಿಸಿಕೊಂಡು, ಹಳಬರ ಕೂಟಗಳು.

ಇದು ಸಣ್ಣ ವಿವರವಾಗಿ ಕಂಡೀತು. ಅಲ್ಲ. ಪರದೇಶದ ಶಿಬಿರ ಮುಗಿಸಿ ಬಂದವನ ಒಂಟಿತನ ಏನೆಂದು ಅದನ್ನು ಕಂಡವರಿಗೆ ಗೊತ್ತು. ಮದುವೆ ಮನೆಯಿಂದ ಬಂದ ಮಗುವಿನ ಹಾಗೆ ನಾಲ್ಕು ದಿನ ಅದೇ ಮಾತು, ಐದನೇ ದಿನ ತಂಡದವರು ‘ಸಾಕು ಮಾರಾಯ’ ಎನ್ನುತ್ತಾರೆ. ಅವನು ಕಂಡದ್ದನ್ನು ಊರಲ್ಲಿ ಬೇರೆ ಯಾರೂ ಕಂಡಿಲ್ಲ. ಜೊತೆಗೆ ನಾಲ್ವರು ಹೋಗಿ ಬಂದಿದ್ದರೆ ಮಾತು ಸಾಯುವುದಿಲ್ಲ. ಒಬ್ಬನಿಗೆ ಉತ್ಸಾಹ ಇಳಿದಾಗ ಇನ್ನೊಬ್ಬಳು ನೆನಪಿಸುತ್ತಾಳೆ. ನನ್ನ ಗೆಳೆಯನೊಬ್ಬ ಯುರೋಪಿನ ಬೇರೊಂದು ಶಿಬಿರಕ್ಕೆ ಒಬ್ಬನೇ ಹೋಗಿ ಬಂದು, ಎರಡು ವರ್ಷ ಅಲ್ಲಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಿದ್ದ. ಚೀಲ ಹರಿಯಿತು, ಶಿಬಿರ ಮುಗಿಯಿತು.

ಇಂಥ ಕೂಟಗಳಲ್ಲಿ ನಡೆಯುವುದೇನು ಎಂಬುದಕ್ಕೆ ನನಗೆ ಸಿಕ್ಕ ಮಾತು ಚೌಕಿ. ಯಕ್ಷಗಾನ ಬಲ್ಲವರಿಗೆ ಹೇಳಬೇಕಿಲ್ಲ. ತಿಳಿಯದವರಿಗೆ ಒಂದು ಮಾತು: ರಂಗಸ್ಥಳದಿಂದ ತುಸು ದೂರದಲ್ಲಿ ಬಣ್ಣ ಹಚ್ಚಿಕೊಳ್ಳಲು, ಕಳಚಲು ಇರುವ ಜಾಗ. ಅಲ್ಲೇ ಗಣಪತಿಗೆ ಪೂಜೆ, ಅಲ್ಲೇ ಪೆಟ್ಟಿಗೆಗಳು, ಅಲ್ಲೇ ಮುಖಕ್ಕೆ ಎಣ್ಣೆ ತಿಕ್ಕುತ್ತ ಒಬ್ಬ ಮಹಿಷಾಸುರ ಮಗಳ ಫೀಸಿನ ಚಿಂತೆ ಹೇಳಿಕೊಳ್ಳುವುದು. ರಂಗಸ್ಥಳದಲ್ಲಿ ಯಾರೂ ಸೋಲನ್ನು ತೋರಿಸುವುದಿಲ್ಲ. ರಾವಣ ಸತ್ತರೂ ಗತ್ತಿನಲ್ಲೇ ಸಾಯುತ್ತಾನೆ. ಸೋಲಿನ ಮಾತು ಏನಿದ್ದರೂ ಚೌಕಿಯಲ್ಲಿ. ತಂಡ ಕಟ್ಟಿದವರು ಹೊರಗೆ ಯಾವಾಗಲೂ ರಂಗಸ್ಥಳದಲ್ಲೇ ಇರುತ್ತಾರೆ. ದಾನಿಗಳ ಮುಂದೆ, ಇಲಾಖೆಯ ಮುಂದೆ, ತಮ್ಮದೇ ನಟರ ಮುಂದೆ ಎಲ್ಲ ಚೆನ್ನಾಗಿದೆ ಎನ್ನಬೇಕು. ಸಂಬಳ ಕೊಡಲು ದುಡ್ಡಿಲ್ಲ ಎಂದು ಯಾರ ಹತ್ತಿರ ಹೇಳುವುದು? ಕೇಪ್‌ಟೌನಿನವಳು ಡೆಟ್ರಾಯಿಟಿನವನ ಹತ್ತಿರ ಹೇಳಬಹುದು. ಅವನು ಅವಳ ಪೈಪೋಟಿಯವನಲ್ಲ, ಅವಳ ದಾನಿಯೂ ಅಲ್ಲ. ದೂರದವರಾಗಿರುವುದೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಚೌಕಿಯಲ್ಲೂ ಯಾರು ಎಲ್ಲಿ ಕೂರಬೇಕೆಂಬ ಕ್ರಮವಿದೆ ಎಂಬುದನ್ನು ಮರೆತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾಯಕತ್ವದ ಬಗ್ಗೆಯೂ ಯಕ್ಷಗಾನ ಒಂದು ಮಾತು ಕೊಟ್ಟಿದೆ. ಭಾಗವತನನ್ನು ಅಲ್ಲಿ ಮೊದಲನೇ ವೇಷಧಾರಿ ಎನ್ನುತ್ತಾರೆ. ಅವನು ವೇಷ ಹಾಕುವುದಿಲ್ಲ, ಕಿರೀಟವಿಲ್ಲ, ಕುಣಿಯುವುದಿಲ್ಲ. ಮುಂಡಾಸು ಸುತ್ತಿ, ಜಾಗಟೆ ಅಥವಾ ತಾಳ ಹಿಡಿದು ಹಿಂದೆ ಕೂತಿರುತ್ತಾನೆ. ಯಾವ ವೇಷ ಎಷ್ಟು ಹೊತ್ತು ನಿಲ್ಲಬೇಕು, ಯಾವ ಪದ ಬಿಡಬೇಕು, ದಣಿದ ಕಲಾವಿದನನ್ನು ಹೇಗೆ ಒಳಗೆ ಕಳಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿ. ಕಲಾ ನಾಯಕತ್ವ ಎಂಬ ಮುಜುಗರದ ಪದದ ಜಾಗದಲ್ಲಿ ಭಾಗವತಿಕೆ ಎಂದು ಇಟ್ಟು ನೋಡಿ. ಅದೆಷ್ಟು ಸಲೀಸು. ಇನ್ನು ಮೇಳದ ಯಜಮಾನ, ವೀಳ್ಯ ಹಿಡಿಯುವ ಮೆನೇಜರು, ಪೆಟ್ಟಿಗೆ ಹೊರುವವನು, ಇವರಿಲ್ಲದೆ ಭಾಗವತನೂ ಇಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿ ಮುಂದೆ ಅದರ ಯಜಮಾನನಾದ ವೀರಣ್ಣನವರು ಈ ವಿದ್ಯೆಯನ್ನು ಯಾವ ಅರಮನೆಯಲ್ಲಿ ಕಲಿತರು? ಊರಿಂದೂರಿಗೆ ಸಾಮಾನು ಸಾಗಿಸುತ್ತ, ಟೆಂಟಿನ ಹಗ್ಗ ಬಿಗಿಯುತ್ತ ಕಲಿತರು. ಹಾಗೆಂದು ತರಬೇತಿಯೇ ಬೇಡ ಎನ್ನುವ ವಾದ ನನ್ನದಲ್ಲ. ಕಂಪನಿಗಳು ಮುಚ್ಚಿದ ಮೇಲೆ ಆ ವಿದ್ಯೆ ಹೇಳಿಕೊಡುವವರೇ ಇಲ್ಲವಾದರಲ್ಲ.

ಅಮೆರಿಕದಲ್ಲಿ ಇದನ್ನು ಶಾಸ್ತ್ರದಂತೆ ಹೇಳಿಕೊಟ್ಟವರು ಮೈಕೆಲ್ ಕೈಸರ್. ಮುಳುಗುತ್ತಿದ್ದ ಆಲ್ವಿನ್ ಏಲಿ ನೃತ್ಯ ತಂಡವನ್ನೂ ಲಂಡನ್ನಿನ ರಾಯಲ್ ಆಪೆರಾ ಹೌಸನ್ನೂ ಸಾಲದಿಂದ ಎತ್ತಿ ನಿಲ್ಲಿಸಿದ ಆಸಾಮಿ. ವಾಷಿಂಗ್ಟನ್ನಿನ ಕೆನಡಿ ಸೆಂಟರಿನಲ್ಲಿ ಬೇರೆ ದೇಶದವರನ್ನು ಒಂದೇ ಬೇಸಿಗೆಗಲ್ಲ, ಒಂದರ ಹಿಂದೊಂದು ಮೂರು ಬೇಸಿಗೆಗೆ ಕರೆಸುವ ಪದ್ಧತಿ ಇಟ್ಟ. ಕಲಿತದ್ದನ್ನು ಊರಲ್ಲಿ ಮಾಡಿ ನೋಡಿ, ಕೆಟ್ಟರೆ ಬಂದು ಹೇಳಿ ಎಂಬ ಅರ್ಥ. ಯುರೋಪಿನ ಉತ್ಸವಗಳ ಒಕ್ಕೂಟ 2006ರಲ್ಲಿ ಗೊರ್ಲಿಟ್ಜ್ ಎಂಬ ಊರಿನಲ್ಲಿ ಎಳೆಯ ಉತ್ಸವ ನಿರ್ವಾಹಕರ ಕಮ್ಮಟ ತೊಡಗಿಸಿತು. ಹೊಳೆಯ ಈಚೆ ಜರ್ಮನಿ, ಆಚೆ ಪೋಲೆಂಡ್, ನಡುವೆ ಒಂದು ಸೇತುವೆ. ಯುದ್ಧ ಸೀಳಿದ ಊರು. ಬ್ರಿಟನ್ನಿನಲ್ಲಿ ಕ್ಲೋರ್ ಕಾರ್ಯಕ್ರಮ, ದಕ್ಷಿಣ ಏಷ್ಯಕ್ಕೆಂದು ಗೋಯೆಥೆ ಸಂಸ್ಥೆಯವರ ಆರ್‌ಥಿಂಕ್. ಪಟ್ಟಿ ಬೆಳೆಯುತ್ತದೆ, ಬಿಡಿ.

ಈಗ ಚೌಕಿಯ ಕ್ರಮದ ಮಾತು. ಈ ಕೂಟಗಳಲ್ಲಿ ಮುಂದಿನ ಸಾಲು ಇಂಗ್ಲಿಷ್ ಬಲ್ಲವರದು. ಎಂಟು ಮಕ್ಕಳ ತಾಯಿಯಂತೆ ತಂಡ ಸಾಕಿದ ಹೆಂಗಸಿಗೆ ಅರ್ಜಿ ತುಂಬಲು ಬಾರದು. ತುಂಬಲು ಬಲ್ಲವನಿಗೆ ತಂಡವೇ ಇಲ್ಲ. ಎರಡನೆಯವನೇ ವಿಮಾನ ಹತ್ತುತ್ತಾನೆ. ಕೆಲವರಂತೂ ಒಂದು ಫೆಲೊಶಿಪ್ಪಿನಿಂದ ಇನ್ನೊಂದಕ್ಕೆ ಜಿಗಿಯುತ್ತ, ಕಲೆಯ ಬದಲು ಕೂಟವನ್ನೇ ವೃತ್ತಿ ಮಾಡಿಕೊಂಡಿದ್ದಾರೆ. ಅವರನ್ನು ಅವರ ಊರಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಮೇಲೆ ಆ ಪದಗಳ ಜಾತ್ರೆ: ಸುಸ್ಥಿರತೆ, ಒಳಗೊಳ್ಳುವಿಕೆ, ಸಬಲೀಕರಣ. ಹಳದಿ ಚೀಟಿಗಳ ಮೇಲೆ ಬರೆದು ಗೋಡೆಗೆ ಅಂಟಿಸಿದ ಪದಗಳು ಸಂಜೆ ಕಸದ ಬುಟ್ಟಿ ಸೇರುತ್ತವೆ. ವೀಸಾ ಇನ್ನೊಂದು. ಗಡಿ ಮೀರಿದ ಕಲೆ ಎಂದು ಮಾತಾಡಲು ಕರೆದವರಲ್ಲಿ ಇಬ್ಬರು ಮೂವರಾದರೂ ಗಡಿಯಲ್ಲೇ ಉಳಿದಿರುತ್ತಾರೆ, ಬಡದೇಶದ ಪಾಸ್‌ಪೋರ್ಟಿನವರೇ ಹೆಚ್ಚಾಗಿ. ಖಾಲಿ ಕುರ್ಚಿಯ ಮುಂದೆ ಹೆಸರಿನ ಫಲಕ ಇಟ್ಟು ಸಭೆ ಶುರುವಾಗುತ್ತದೆ. ಹೆಲ್ಲರನ ಕಾಲದಿಂದ ಬಂದ ಸಂಪ್ರದಾಯವೋ ಏನೋ.

ನಾನು ಆ ಕೆರೆಯ ಸುತ್ತ ಒಮ್ಮೆ ನಡೆದಿದ್ದೇನೆ, ಫೆಲೊ ಆಗಿ ಅಲ್ಲ, ಮಗಳ ಖರ್ಚಿನ ಪ್ರವಾಸಿಯಾಗಿ. ಅರಮನೆ ಈಗ ಹೋಟೆಲೂ ಹೌದು. ಶಿಬಿರವಿಲ್ಲದ ದಿನ ದುಡ್ಡು ಕೊಟ್ಟವರಿಗೆ ಕೋಣೆ. ಆಚೆ ಉಂಟರ್ಸ್‌ಬರ್ಗ್ ಬೆಟ್ಟ, ನೀರಲ್ಲಿ ಅದರ ತಲೆಕೆಳಗಾದ ಪಡಿನೆರಳು. ಪ್ರವಾಸಿಗಳು ಬರುವುದು ಫಿರ್ಮಿಯಾನನಿಗಾಗಿಯೂ ಅಲ್ಲ, ರೈನ್‌ಹಾರ್ಟನಿಗಾಗಿಯೂ ಅಲ್ಲ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದಲ್ಲಿ ಮಕ್ಕಳು, ಮರಿಯಾ ದೋಣಿ ಮಗುಚಿ ಬೀಳುವುದು ಈ ನೀರಿಗೇ. ನನ್ನ ಮುಂದೆ ಹೋಗುತ್ತಿದ್ದ ಗುಂಪಿನ ಗೈಡು ಅದನ್ನು ಮೂರು ಸಲ ಹೇಳಿದ. ಊರು ಬಿಟ್ಟವರ ಕತೆಯೇ ಅದೂ, ಯೋಚಿಸಿದರೆ. ಆ ದಿನ ಯಾವುದೋ ಶಿಬಿರವಿತ್ತು ಅನಿಸುತ್ತದೆ. ಕೊರಳಲ್ಲಿ ಹೆಸರಿನ ಚೀಟಿ ತೂಗಿಸಿಕೊಂಡ ಇಬ್ಬರು ಕಲ್ಲಿನ ಕಟ್ಟೆಯ ಮೇಲೆ ಕೂತು, ಒಬ್ಬಳು ಮೊಬೈಲಿನಲ್ಲಿ ಏನನ್ನೋ ತೋರಿಸುತ್ತ, ಇನ್ನೊಬ್ಬಳು ಅದನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಒಳಗೆ ಸಭೆ ನಡೆದಿರಬೇಕು. ಇವರು ತಪ್ಪಿಸಿಕೊಂಡು ಬಂದಿದ್ದರು.

ನನಗೆ ಹೆಗ್ಗೋಡು ನೆನಪಾಯಿತು. 1949ರಲ್ಲಿ, ಅಂದರೆ ಸಾಲ್ಜ್‌ಬರ್ಗಿನ ಮೊದಲ ಬೇಸಿಗೆಯಾದ ಎರಡು ವರ್ಷಕ್ಕೆ, ಸಾಗರದ ಪಕ್ಕದ ಅಡಿಕೆ ಊರಿನಲ್ಲಿ ಕೆ. ವಿ. ಸುಬ್ಬಣ್ಣ ಮತ್ತು ಗೆಳೆಯರು ನೀನಾಸಮ್ ಎಂಬ ನಾಟಕ ಸಂಘ ಕಟ್ಟಿದರು. ಯಾರೂ ಯಾರಿಂದಲೂ ಕಲಿತದ್ದಲ್ಲ, ಕಾಲವೇ ಹಾಗಿತ್ತು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ. ತಿರುಗಾಟ ಎಂಬ ಪದವೂ ಯಕ್ಷಗಾನ ಮೇಳದ್ದೇ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಕಲಿತವರು ಸಿನಿಮಾದಲ್ಲಿ ಹೆಸರು ಮಾಡಿದ್ದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ಕನ್ನಡ ನಾಡಿನ ತಾಲ್ಲೂಕು ತಾಲ್ಲೂಕುಗಳಲ್ಲಿ ಶಾಲೆಯ ಜಗಲಿಯಲ್ಲೋ ಎಪಿಎಂಸಿ ಗೋದಾಮಿನಲ್ಲೋ ತಂಡ ಕಟ್ಟಿಕೊಂಡು ಕೂತ ಉಳಿದವರು. ಅವರಿಗೆ ಯಾರೂ ಕಲಾ ನಾಯಕರು ಎಂದಿಲ್ಲ. ಅಂದರೆ ನಕ್ಕಾರು.

2008ರ ಮಾರ್ಚಿನಲ್ಲಿ ದೇಶದ ನಾನಾ ಕಡೆಯ ರಂಗಕರ್ಮಿಗಳು ಇದೇ ಹೆಗ್ಗೋಡಿನಲ್ಲಿ ಸೇರಿ, ನಾಟಕ ಮಾಡುವುದರ ಸುಖಕಷ್ಟಗಳ ಬಗ್ಗೆ ಮಾತಾಡಿದರು. ಇಂಡಿಯಾ ಥಿಯೇಟರ್ ಫೋರಂ ಕರೆದ ಸಭೆ. ಆ ಮಾತುಗಳು ಪುಸ್ತಕವಾದವು. ಅದೇ ಬಳಗ ಮುಂದೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಮುಂಬಯಿಯ ಜುನೂನ್ ಜೊತೆ ಕೂಡಿ, ನಾಟಕ ತಂಡಗಳಿಗೆ ಹಣಕಾಸು, ಆಡಳಿತ ಕಲಿಸುವ ‘ಸ್ಮಾರ್ಟ್’ ಎಂಬ ತರಬೇತಿ ಹುಟ್ಟಿಸಿತು. ಅರಮನೆಯ ಕೆರೆಯಂಚಿನಲ್ಲಿ ಆಗುವ ಮಾತು ಅಡಿಕೆ ತೋಟದ ಅಂಚಿನಲ್ಲೂ ಆದೀತು, ಊಟಕ್ಕೆ ಅನ್ನ ಸಾರು ಇದ್ದರೂ ಆದೀತು. ವ್ಯತ್ಯಾಸವೆಂದರೆ ಇಲ್ಲಿ ತಟ್ಟೆ ತೊಳೆದು ಇಡಬೇಕು.

ನೀನಾಸಮ್ಮಿನ ಸಂಸ್ಕೃತಿ ಶಿಬಿರ ಅಕ್ಟೋಬರಿನಲ್ಲಿ. ಹಗಲು ಉಪನ್ಯಾಸ, ಸಂಜೆ ನಾಟಕ. ಕರೆಯದಿದ್ದರೂ ಹಳಬರು ಬರುತ್ತಾರೆ; ಒಂದು ರಾತ್ರಿ ನಾಟಕ ನೋಡಿ ಬೆಳಗಿನ ಬಸ್ಸಿಗೆ ಹೋಗುವವರೇ ಹೆಚ್ಚು. ಕೆಲವು ವರ್ಷದ ಹಿಂದೆ ಅಂಥದೊಂದು ರಾತ್ರಿ, ನಾಟಕ ಬಿಟ್ಟ ಮೇಲೆ ಚಹಾದ ಲೋಟ ಹಿಡಿದು ನಿಂತಿದ್ದೆ. ಹನಿ ಮಳೆ. ಪಕ್ಕದಲ್ಲಿ ಇಬ್ಬರು, ಒಂದೇ ವರ್ಷದ ಸಹಪಾಠಿಗಳು ಅಂತ ಮಾತಿನಲ್ಲೇ ತಿಳಿಯುತ್ತಿತ್ತು. ಒಬ್ಬ ಕೊಪ್ಪಳದ ಕಡೆಯವನು, ಇನ್ನೊಬ್ಬ ಇಲ್ಲೇ ಹೊಸನಗರದವನು. ನೋಡಿದ ನಾಟಕದ ಬಗ್ಗೆ ಒಂದೆರಡು ಮಾತಾಡಿ ಮುಗಿಸಿ, ಕೊಪ್ಪಳದವನು ದನಿ ತಗ್ಗಿಸಿ ಕೇಳಿದ:

‘ಲೇ, ನಿನ್ನ ಹಂತ್ಯಾಕ ಆ ಹಳೇ ಡಿಮ್ಮರ್ ಐತೇನು? ಮುಂದಿನ ತಿಂಗಳು ಶೋ ಐತಿ. ಬಾಡಿಗಿ ಕೊಡಾಕ ರೊಕ್ಕಿಲ್ಲ.’

‘ಇದೆ ಮಾರಾಯ. ಆದ್ರೆ ಎರಡು ಚಾನೆಲ್ ಹೋಗಿದೆ.’

‘ಹೋದ್ರ ಹೋಗ್ಲಿ ಬಿಡು. ನಮ್ಮ ನಾಟಕದಾಗ ಎರಡು ಸೀನು ಕತ್ತಲದಾಗ ಅದಾವು.’

ಹೊಸನಗರದವನು ಜೇಬಿನಿಂದ ಮೊಬೈಲ್ ತೆಗೆದು, ಹುಬ್ಬಳ್ಳಿಗೆ ಅಡಿಕೆ ಹೇರಿಕೊಂಡು ಹೋಗುವ ಲಾರಿಯವನ ನಂಬರು ಹುಡುಕತೊಡಗಿದ.